ಫೋನ್ ಆಫ್ ಮಾಡಬಹುದು, ಭಯವನ್ನು?

2025 ರ ಕೊನೆಗೆ ಕೆಲಸಕ್ಕೆ ಹೋಗುವವರ ಬಗ್ಗೆ ಎರಡು ಸುದ್ದಿ ಒಂದರ ಹಿಂದೆ ಒಂದು ಬಂದವು. ನವೆಂಬರ್ 21 ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಡಿಸೆಂಬರ್ 5 ರಂದು ಸಂಸದೆ ಸುಪ್ರಿಯಾ ಸುಳೆ ಲೋಕಸಭೆಯಲ್ಲಿ 'ರೈಟ್ ಟು ಡಿಸ್‌ಕನೆಕ್ಟ್' ಮಸೂದೆ ಮಂಡಿಸಿದರು. ಡ್ಯೂಟಿ ಮುಗಿದ ಮೇಲೆ ಆಫೀಸಿನ ಫೋನ್ ಎತ್ತದೆ ಇರುವ ಹಕ್ಕು ಅಂತ ಇಟ್ಟುಕೊಳ್ಳಿ. ವಾಟ್ಸಾಪ್ ಗ್ರೂಪುಗಳಿಗೆ ಬರುವಷ್ಟರಲ್ಲಿ ಎರಡೂ ಕಲಸಿ ಒಂದೇ ಮುದ್ದೆ ಆಗಿಬಿಟ್ಟಿತ್ತು. ರಾತ್ರಿ ಸಾಹೇಬರ ಫೋನ್ ಎತ್ತದಿದ್ದರೆ ಇನ್ನು ಯಾರೂ ಕೇಳುವ ಹಾಗಿಲ್ಲವಂತೆ, ಟೆನ್ಶನ್ ಕೊಟ್ಟರೆ ಕಂಪನಿಗೆ ದಂಡವಂತೆ, 'ಮಾನಸಿಕ ಸುರಕ್ಷತೆ' ಅನ್ನುವುದೂ ಈಗ ಕಾನೂನಂತೆ.

ಅಂತೆ ಕಂತೆ ಎಲ್ಲ ಬದಿಗಿಡೋಣ. ಶಿವಮೊಗ್ಗದ ಹತ್ತಿರ ಮಾಚೇನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಶಿಫ್ಟ್ ಮುಗಿಸಿ ಬಸ್ ಹತ್ತುವ ಹುಡುಗಿಗೆ, ಭದ್ರಾವತಿ ಕಡೆಯ ಎರಕದ ಘಟಕದಲ್ಲಿ ಮೋಲ್ಡ್ ಕಟ್ಟುವವನಿಗೆ, ತೀರ್ಥಹಳ್ಳಿಯಲ್ಲಿ ಮಳೆಗಾಲದ ರಾತ್ರಿ ಕಂಬ ಹತ್ತುವ ಲೈನ್‌ಮನ್‌ಗೆ ಇದರಿಂದ ನಿಜವಾಗಿ ಏನು ಬದಲಾಗುತ್ತದೆ? ಸ್ವಲ್ಪ ಬದಲಾಗುತ್ತದೆ. ಜನ ಅಂದುಕೊಂಡ ಕಡೆ ಮಾತ್ರ ಅಲ್ಲ.

ಬಂದಿದ್ದೇನು, ಬರದೆ ಇದ್ದಿದ್ದೇನು

ಮೊದಲು ಫೋನಿನ ವಿಷಯ ಮುಗಿಸೋಣ. ಅದು ಸರ್ಕಾರ ತಂದ ಮಸೂದೆ ಅಲ್ಲ, ಖಾಸಗಿ ಸದಸ್ಯರ ಮಸೂದೆ. ಸ್ವಾತಂತ್ರ್ಯ ಬಂದಾಗಿನಿಂದ ಅಂಥ ಮಸೂದೆಗಳಲ್ಲಿ ಕಾನೂನು ಆಗಿದ್ದು 14 ಮಾತ್ರ. ಕೊನೆಯದು ಆಗಿದ್ದು 1970 ರಲ್ಲಿ. ಸುಳೆ ಅವರೇ ಹಿಂದೆಯೂ ಒಮ್ಮೆ ಇದನ್ನು ತಂದಿದ್ದರು, ಅದೂ ಮುಂದೆ ಹೋಗಲಿಲ್ಲ. ಫ್ರಾನ್ಸ್‌ನಲ್ಲಿ 2017 ರಿಂದ, ಆಸ್ಟ್ರೇಲಿಯಾದಲ್ಲಿ 2024 ರ ಆಗಸ್ಟ್‌ನಿಂದ ಇಂಥ ಹಕ್ಕು ಇದೆ. ನಮ್ಮಲ್ಲಿ ಮಸೂದೆ ಮಂಡನೆ ಆಗಿದೆ, ಅಷ್ಟೇ. ಹಾಗಾಗಿ ರಾತ್ರಿ ಹತ್ತಕ್ಕೆ ಫೋನ್ ಬಂದರೆ ಕಾನೂನು ತೋರಿಸುವ ಕಾಲ ಇನ್ನೂ ಬಂದಿಲ್ಲ.

ಸಂಹಿತೆಗಳ ಕಥೆ ಬೇರೆ. ಅವು ಜಾರಿಯಾಗಿವೆ. ಹಳೆಯ 29 ಕಾನೂನುಗಳನ್ನು ಸೇರಿಸಿ ನಾಲ್ಕು ಮಾಡಿದ್ದಾರೆ: ಕೂಲಿ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಸುರಕ್ಷತೆ ಮತ್ತು ಆರೋಗ್ಯ. ಕಾರ್ಮಿಕ ವಿಷಯ ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಸೇರಿದ್ದರಿಂದ, ಸಂಹಿತೆ ಒಂದಾದರೂ ಅದರ ಅಡಿಯ ನಿಯಮಗಳನ್ನು ರಾಜ್ಯವೂ ಮಾಡಬೇಕು. ಗೊಂದಲದ ಅರ್ಧ ಪಾಲು ಹುಟ್ಟುವುದೇ ಇಲ್ಲಿ.

ಇವುಗಳ ಒತ್ತು ಕೂಲಿ, ಗಂಟೆ, ನೇಮಕಾತಿ ಪತ್ರ, ವಿಮೆ, ಕೈಕಾಲಿನ ಸುರಕ್ಷತೆಯ ಮೇಲೆ. ಆದರೂ ನಮ್ಮ ವಿಷಯಕ್ಕೆ ಬರುವ ಎರಡು ಅಂಶಗಳಿವೆ, ಪೇಪರಿನಲ್ಲಿ ಅಷ್ಟಾಗಿ ಚರ್ಚೆ ಆಗದವು. ಒಂದು, 20 ಅಥವಾ ಜಾಸ್ತಿ ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಮಾಲೀಕರ ಕಡೆಯವರೂ ಕೆಲಸಗಾರರೂ ಸಮ ಸಮ ಕೂರಬೇಕು, ದೂರು ಬಂದರೆ 30 ದಿನದಲ್ಲಿ ತೀರ್ಮಾನ ಆಗಬೇಕು. ಇನ್ನೊಂದು, ಜೀವಕ್ಕೆ ಅಥವಾ ಮೈಕೈಗೆ ದೊಡ್ಡ ಪೆಟ್ಟಾಗುವ ಅಪಾಯ ಎದುರಿಗೇ ಇದೆ ಅಂತ ಕೆಲಸಗಾರನಿಗೆ ಅನಿಸಿದರೆ ಆತ ಅದನ್ನು ಮಾಲೀಕರಿಗೂ ಇನ್‌ಸ್ಪೆಕ್ಟರಿಗೂ ತಿಳಿಸಬಹುದು.

ಎರಡೂ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಯಾರೋ ಒಬ್ಬರು ಬಾಯಿ ಬಿಡುತ್ತಾರೆ ಅನ್ನುವುದು. ಬಿಡುತ್ತಾರಾ? ಮಾನಸಿಕ ಸುರಕ್ಷತೆಯ ಚರ್ಚೆ ಶುರುವಾಗುವುದೇ ಈ ಪ್ರಶ್ನೆಯಿಂದ.

ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ

'ಸೈಕಲಾಜಿಕಲ್ ಸೇಫ್ಟಿ'ಗೆ ನಾವು 'ಮಾನಸಿಕ ಸುರಕ್ಷತೆ' ಅನ್ನುತ್ತೇವೆ. ಅದನ್ನು ಕೇಳಿದ ತಕ್ಷಣ ಡಾಕ್ಟರು, ಮಾತ್ರೆ, ಕೌನ್ಸೆಲಿಂಗ್ ನೆನಪಾಗುತ್ತದೆ. ಇಲ್ಲವೇ ಯಾರಿಗೂ ಬೈಯಬಾರದು, ಎಲ್ಲರೂ ಯಾವಾಗಲೂ ನಗುತ್ತಾ ಇರಬೇಕು ಅನ್ನುವ ಚಿತ್ರ ಬರುತ್ತದೆ. ಎರಡೂ ಸರಿಯಲ್ಲ. ಒಂದು ತಂಡದಲ್ಲಿ 'ನನಗೆ ಗೊತ್ತಿಲ್ಲ', 'ತಪ್ಪಾಗಿದೆ', 'ಇದು ಸರಿ ಕಾಣ್ತಿಲ್ಲ ಸಾರ್' ಅನ್ನುವ ಮೂರು ಮಾತನ್ನು ಹೇಳಿದರೆ ಮರ್ಯಾದೆ ಹೋಗುವುದಿಲ್ಲ, ಕೆಲಸ ಹೋಗುವುದಿಲ್ಲ ಅನ್ನುವ ನಂಬಿಕೆ ಎಲ್ಲರಲ್ಲೂ ಇದೆಯಾ? ವಿಷಯ ಇಷ್ಟೇ. ಅಂಜದೆ ಮಾತಾಡುವ ವಾತಾವರಣ ಅಂದಿದ್ದರೆ ಇಷ್ಟು ಗೊಂದಲ ಇರುತ್ತಿರಲಿಲ್ಲ.

ಈ ಪದವನ್ನು 1965 ರಲ್ಲೇ ಎಡ್ಗರ್ ಶೈನ್ ಮತ್ತು ವಾರನ್ ಬೆನ್ನಿಸ್ ಬಳಸಿದ್ದರು. ತಂಡಗಳಿಗೆ ಹೊಂದಿಸಿ ಅಳೆದು ತೋರಿಸಿದ್ದು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಏಮಿ ಎಡ್ಮಂಡ್‌ಸನ್, 1999 ರಲ್ಲಿ, ಒಂದು ತಯಾರಿಕಾ ಕಂಪನಿಯ 51 ತಂಡಗಳ ಮೇಲೆ. ಅದಕ್ಕೂ ಮುಂಚೆ ಆಸ್ಪತ್ರೆಗಳಲ್ಲಿ ಅವರಿಗೆ ಸಿಕ್ಕ ಫಲಿತಾಂಶ ಇನ್ನೂ ಸ್ವಾರಸ್ಯದ್ದು. ಚೆನ್ನಾಗಿ ಕೆಲಸ ಮಾಡುವ ನರ್ಸ್‌ಗಳ ತಂಡದಲ್ಲಿ ಔಷಧ ಕೊಡುವಾಗ ಆಗುವ ತಪ್ಪು ಕಡಿಮೆ ಇರಬೇಕು ಅಂತ ಅವರು ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ! ಕೆದಕಿ ನೋಡಿದರೆ ಅವರು ಜಾಸ್ತಿ ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪನ್ನು ಬರೆದಿಡುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ಈ ಉಲ್ಟಾ ಲೆಕ್ಕವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಮುಂದೆ ಗೂಗಲ್ ತನ್ನದೇ 180 ತಂಡಗಳನ್ನು ಅಳೆದು ನೋಡಿತು. ತಂಡದಲ್ಲಿ ಎಷ್ಟು ಬುದ್ಧಿವಂತರಿದ್ದಾರೆ ಅನ್ನುವುದಕ್ಕಿಂತ ಅವರು ಒಬ್ಬರ ಎದುರು ಒಬ್ಬರು ಅಂಜದೆ ಮಾತಾಡುತ್ತಾರಾ ಅನ್ನುವುದೇ ದೊಡ್ಡದು ಅಂತ ಕಂಡಿತು. ಆಮೇಲೆ ಈ ಪದ ಎಲ್ಲ ಕಂಪನಿಗಳ ಪವರ್‌ಪಾಯಿಂಟಿಗೂ ಹತ್ತಿತು. ಹತ್ತಿದ ಮೇಲೆ ಅರ್ಥ ತೆಳುವಾಯಿತು, ಅದು ಯಾವಾಗಲೂ ಹಾಗೇ.

ಒದ್ದೆ ಮರಳು

ಗೂಗಲ್ ನಮಗೆ ದೂರ. ಹತ್ತಿರದ್ದು ನೋಡೋಣ. ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡು ನೂರು ವರ್ಷ ದಾಟಿದೆ, ಶಿವಮೊಗ್ಗದ ಸುತ್ತ ಎರಕದ ಘಟಕಗಳು ಬೇಕಾದಷ್ಟಿವೆ. ಯಾವುದೋ ಒಂದು ಘಟಕ ಅಂತ ಇಟ್ಟುಕೊಳ್ಳಿ, ಹೆಸರು ಬೇಡ. ಜುಲೈ ತಿಂಗಳು. ಮಳೆ ಹಿಡಿದು ಎಂಟು ದಿನ ಆಗಿದೆ, ಬಟ್ಟೆ ಒಣಗುವುದಿಲ್ಲ, ಮರಳೂ ಒಣಗುವುದಿಲ್ಲ.

ಎರಕದ ಮರಳಿಗೆ ಸ್ವಲ್ಪ ತೇವ ಬೇಕೇ ಬೇಕು, ಇಲ್ಲದಿದ್ದರೆ ಅಚ್ಚು ನಿಲ್ಲುವುದಿಲ್ಲ. ಜಾಸ್ತಿಯಾದರೆ ಕಷ್ಟ. ಕಾದ ಲೋಹ ಬಿದ್ದಾಗ ನೀರು ಆವಿಯಾಗುತ್ತದೆ, ಹೊರಗೆ ಹೋಗಲು ದಾರಿ ಸಿಗದ ಆವಿ ಲೋಹದ ಒಳಗೇ ಸಿಕ್ಕಿಕೊಂಡು ತೂತು ಬಿಡುತ್ತದೆ. ಬ್ಲೋ ಹೋಲ್ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಎರಕ ಚೆಂದವಾಗೇ ಇರುತ್ತದೆ.

ಲ್ಯಾಬ್ ರಿಪೋರ್ಟ್ ಬರುವ ಮುಂಚೆಯೇ ಇದು ಗೊತ್ತಾಗುವುದು ಅಚ್ಚು ಕಟ್ಟುವವನಿಗೆ. ಹತ್ತು ವರ್ಷ ಅದೇ ಮರಳು ಮುಟ್ಟಿದವನು ಒಂದು ಹಿಡಿ ತೆಗೆದು ಒತ್ತಿ ನೋಡಿದರೆ ಸಾಕು. ಈಗ ಅವನ ಲೆಕ್ಕ ನೋಡಿ. ಹೇಳಿದರೆ ಲೈನ್ ನಿಲ್ಲುತ್ತದೆ. ಶಿಫ್ಟಿನ ಟಾರ್ಗೆಟ್ ಹೋಗುತ್ತದೆ. ಸೂಪರ್‌ವೈಸರ್ ಮುಖ ಕೆಡಿಸಿಕೊಳ್ಳುತ್ತಾನೆ. ಪರೀಕ್ಷೆ ಮಾಡಿ ಮರಳು ಸರಿಯಾಗೇ ಇತ್ತು ಅಂತಾದರೆ ಇವನು ಎಲ್ಲರ ಎದುರು ದಡ್ಡ ಆಗುತ್ತಾನೆ. ಇವೆಲ್ಲ ಇವತ್ತೇ, ಇವನೊಬ್ಬನ ತಲೆಗೇ. ಹೇಳದಿದ್ದರೆ? ಇವತ್ತು ಏನೂ ಆಗುವುದಿಲ್ಲ. ಮೂರು ವಾರ ಬಿಟ್ಟು ಎಲ್ಲೋ ದೂರದ ಕಾರ್ಖಾನೆಯಲ್ಲಿ ಡ್ರಿಲ್ ಹಾಕುವಾಗ ತೂತು ಬಾಯಿ ಬಿಡುತ್ತದೆ, ಮಾಲು ವಾಪಸ್ ಬರುತ್ತದೆ, ಅಷ್ಟರಲ್ಲಿ ಯಾವ ಶಿಫ್ಟು, ಯಾರ ಕೈ ಅನ್ನುವುದು ಮಸುಕಾಗಿರುತ್ತದೆ.

ಅಂದರೆ ಸುಮ್ನೆ ಇರುವುದು ಹೇಡಿತನ ಅಲ್ಲ, ಸೋಮಾರಿತನವೂ ಅಲ್ಲ. ಅವನು ನಿಂತ ಜಾಗದಿಂದ ನೋಡಿದರೆ ಅದೇ ಜಾಣತನ.

ಮುಂದಿನ ಸುತ್ತು ಇನ್ನೂ ಕೆಟ್ಟದ್ದು. ಮಾಲು ವಾಪಸ್ ಬಂದ ದಿನ ಮೀಟಿಂಗ್ ಆಗುತ್ತದೆ. ಅಲ್ಲಿ ಮೊದಲ ಪ್ರಶ್ನೆ 'ಏನಾಯಿತು?' ಅಂತ ಇರುವುದಿಲ್ಲ, 'ಯಾರು ಮಾಡಿದ್ದು?' ಅಂತ ಇರುತ್ತದೆ. ಒಬ್ಬನಿಗೆ ಮೆಮೋ ಸಿಗುತ್ತದೆ. ಉಳಿದವರು ಅದನ್ನು ನೋಡಿ ಪಾಠ ಕಲಿಯುತ್ತಾರೆ, ಮರಳಿನ ಪಾಠ ಅಲ್ಲ, ಬಾಯಿ ಮುಚ್ಚಿಕೊಳ್ಳುವ ಪಾಠ. ಹಾಗಾಗಿ ಮುಂದಿನ ಜುಲೈಯಲ್ಲಿ ಸುದ್ದಿ ಮೇಲೆ ಹೋಗುವುದು ಇನ್ನೂ ತಡ. ಮಾಲೀಕನಿಗೆ ಮಾತ್ರ ನಮ್ಮ ಘಟಕದಲ್ಲಿ ಎಲ್ಲ ಸರಿಯಿದೆ ಅನಿಸುತ್ತಿರುತ್ತದೆ, ಯಾಕೆಂದರೆ ಯಾರೂ ಏನೂ ಹೇಳುತ್ತಿಲ್ಲವಲ್ಲ.

ಇದಕ್ಕೂ ಮನಸ್ಸಿನ ಆರೋಗ್ಯಕ್ಕೂ ಏನು ಸಂಬಂಧ ಅಂದರೆ ಇಲ್ಲೇ ಇದೆ. ತಪ್ಪು ಕಣ್ಣಿಗೆ ಕಾಣುತ್ತಿದೆ, ಹೇಳುವ ಹಾಗಿಲ್ಲ. ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಮನೆಗೆ ಹೋಗಬೇಕು, ಸಿಕ್ಕಿಬೀಳುವ ದಿನ ಯಾವುದೋ ಅಂತ ಕಾಯಬೇಕು, ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳಬೇಕು. ಫೋನ್ ಆಫ್ ಮಾಡುವ ಹಕ್ಕು ಕೊಟ್ಟರೂ ಆ ಎದೆ ಹೊಡೆತ ನಿಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ಹಾಳಾಗುತ್ತವೆ. ಅದಕ್ಕೆ ಕಾರಣ ಬರೀ ಗಂಟೆಗಳ ಲೆಕ್ಕವಲ್ಲ. ಗಂಟೆಗಳ ಒಳಗೆ ಹೇಗಿರಬೇಕಾಗುತ್ತದೆ ಅನ್ನುವುದೂ ಅದರಲ್ಲಿ ಸೇರಿದೆ.

ಎರಕದಲ್ಲಿ ಹೋಗುವುದು ಮಾಲು ಮತ್ತು ದುಡ್ಡು. ಕರೆಂಟಿನ ಕೆಲಸದಲ್ಲಿ ಜೀವ. ಮಳೆಗಾಲದ ರಾತ್ರಿ ಮರ ಬಿದ್ದು ಲೈನ್ ತುಂಡಾಗಿದೆ, ಊರಿನವರು ಹತ್ತು ಸಲ ಫೋನ್ ಮಾಡಿ ಬೈದಿದ್ದಾರೆ, ಮೇಲಿನವರು 'ಬೇಗ ಮಾಡಪ್ಪ' ಅನ್ನುತ್ತಿದ್ದಾರೆ. ಆಗ 'ಎಲ್‌ಸಿ ಸಿಗದೆ ನಾನು ಕಂಬ ಹತ್ತಲ್ಲ' ಅಂತ ಹೇಳುವುದಕ್ಕೆ ಎಲ್‌ಸಿ ನಿಯಮ, ಅಂದರೆ ಲೈನಿನಲ್ಲಿ ಕರೆಂಟ್ ತೆಗೆದಿದ್ದೇವೆ ಅನ್ನುವ 'ಲೈನ್ ಕ್ಲಿಯರ್' ಸಿಕ್ಕ ಮೇಲೆಯೇ ಕೆಲಸ ಅನ್ನುವ ನಿಯಮ, ಪುಸ್ತಕದಲ್ಲಿ ಇದ್ದರೆ ಸಾಲದು. ಹಾಗೆ ಹೇಳಿದವನನ್ನು ಹೋದ ವರ್ಷ ಹೇಗೆ ನೋಡಿಕೊಂಡರು ಅನ್ನುವ ನೆನಪು ಒಳ್ಳೆಯದಿರಬೇಕು.

ಮೂರು ಸಲ ಹೇಳಿದರೂ

ಇಲ್ಲಿ ಒಂದು ಎಚ್ಚರಿಕೆ. ಮಾತಾಡಿ, ಧೈರ್ಯವಾಗಿ ಮಾತಾಡಿ ಅಂತ ಕೆಳಗಿನವರಿಗೆ ಹೇಳಿದರೆ ಕೆಲಸ ಆಗಿಹೋಯಿತು ಅಂದುಕೊಳ್ಳುವವರಿದ್ದಾರೆ.

ಘಟ್ಟದ ಕೆಳಗೆ, ಮಂಗಳೂರಿನ ಬಜ್ಪೆಯಲ್ಲಿ 2010 ರ ಮೇ 22 ರಂದು ಬೆಳಿಗ್ಗೆ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಮರಿಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಜನ ಸತ್ತರು. ತನಿಖಾ ವರದಿ ಹೇಳಿದ್ದು ಹೀಗೆ: ಸಹ ಪೈಲಟ್ ಮೂರು ಸಲ 'ಗೋ ಅರೌಂಡ್' ಅಂದಿದ್ದರು, ಅಂದರೆ ಇಳಿಸುವುದು ಬೇಡ, ಮೇಲೆ ಹೋಗಿ ಮತ್ತೆ ಬರೋಣ ಅಂತ. ಯಂತ್ರದ ಎಚ್ಚರಿಕೆಗಳೂ ಕೂಗುತ್ತಿದ್ದವು. ಕ್ಯಾಪ್ಟನ್ ಕೇಳಲಿಲ್ಲ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಇಂಥ ಹೊತ್ತಿನಲ್ಲಿ ಸಹ ಪೈಲಟ್ ತಾನೇ ವಿಮಾನವನ್ನು ಮೇಲೆತ್ತಬಹುದಾ ಅನ್ನುವುದು ಸೂಚನೆಗಳಲ್ಲಿ ಸ್ಪಷ್ಟವಿರಲಿಲ್ಲ, ಬಹುಶಃ ಅದಕ್ಕೇ ಅವರು ಹೇಳುತ್ತ ಹೋದರೇ ಹೊರತು ಕಂಟ್ರೋಲ್ ಕೈಗೆ ತೆಗೆದುಕೊಳ್ಳಲಿಲ್ಲ.

ಇದನ್ನು ಎರಡು ಸಲ ಓದಬೇಕು. ಅಲ್ಲಿ ಬಾಯಿ ಬಿಟ್ಟವರು ಇದ್ದರು. ಕೇಳುವ ಕಿವಿ ಇರಲಿಲ್ಲ, ಹೇಳಿದವರಿಗೆ ನಿಲ್ಲಿಸುವ ಅಧಿಕಾರ ಇದೆಯಾ ಅನ್ನುವುದು ಗೊತ್ತಿರಲಿಲ್ಲ. ವಿಮಾನದ ಲೋಕ ಈ ಪಾಠ ಕಲಿಯಲು ಶುರು ಮಾಡಿದ್ದು ಬಹಳ ಹಿಂದೆ, 1977 ರಲ್ಲಿ ಟೆನೆರಿಫ್ ದ್ವೀಪದಲ್ಲಿ ಎರಡು ವಿಮಾನ ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತ ಮೇಲೆ. ಅಲ್ಲೂ ಒಂದು ವಿಮಾನದ ಫ್ಲೈಟ್ ಎಂಜಿನಿಯರ್ ಅನುಮಾನ ಹೇಳಿದ್ದರು, ಹಿರಿಯ ಕ್ಯಾಪ್ಟನ್ ಅದನ್ನು ತಳ್ಳಿಹಾಕಿದ್ದರು. ಆಮೇಲೆ ಬಂದ ತರಬೇತಿಯಲ್ಲಿ ಕಿರಿಯರಿಗೆ ಹೇಳುವುದನ್ನೂ ಹಿರಿಯರಿಗೆ ಕೇಳುವುದನ್ನೂ ಒಟ್ಟಿಗೆ ಕಲಿಸುತ್ತಾರೆ. ಟೊಯೋಟಾ ಕಾರ್ಖಾನೆಯಲ್ಲಿ ಲೈನಿನ ಪಕ್ಕ ಒಂದು ಹಗ್ಗ ಇರುತ್ತಿತ್ತು. ದೋಷ ಕಂಡರೆ ಯಾವ ಕೆಲಸಗಾರನಾದರೂ ಎಳೆಯಬಹುದು, ಟೀಮ್ ಲೀಡರ್ ಓಡಿ ಬರಬೇಕು, ಸರಿಯಾಗದಿದ್ದರೆ ಲೈನ್ ನಿಲ್ಲಬೇಕು. ಧೈರ್ಯದ ಭಾಷಣಕ್ಕಿಂತ ಆ ಹಗ್ಗ ವಾಸಿ.

ಮಾಲೀಕರು, ಯೂನಿಯನ್ನು, ಎಚ್‌ಆರ್

ಇದರ ಬಗ್ಗೆ ಮೂರು ನಿಲುವುಗಳು ಕೇಳಿಬರುತ್ತವೆ. ಮೂರರಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇದೆ, ಸಮನಾಗಿ ಇಲ್ಲ.

ಮಾಲೀಕರ ಕಡೆಯ ಮಾತು: ಭಯ ಸ್ವಲ್ಪ ಇರಲೇಬೇಕು, ಇಲ್ಲದಿದ್ದರೆ ಕೆಲಸ ಸಾಗುವುದಿಲ್ಲ, ಎಲ್ಲರೂ ಅಭಿಪ್ರಾಯ ಹೇಳುತ್ತ ಕೂತರೆ ಆರ್ಡರ್ ಹೋಗುವುದು ಯಾವಾಗ? 2023 ರಲ್ಲಿ ನಾರಾಯಣ ಮೂರ್ತಿ ವಾರಕ್ಕೆ 70 ಗಂಟೆ ಅಂದರು, 2025 ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥರು 90 ಅಂದ ಮಾತು ಹೊರಬಂತು. ಅದೇ ಜನವರಿ ಕೊನೆಗೆ ಬಂದ ಕೇಂದ್ರದ ಆರ್ಥಿಕ ಸಮೀಕ್ಷೆ, ವಾರಕ್ಕೆ 60 ಗಂಟೆ ದಾಟಿದರೆ ಆರೋಗ್ಯಕ್ಕೆ ಪೆಟ್ಟು ಅಂತ ಎಚ್ಚರಿಸಿತು. ಜನಕ್ಕೆ ಗೊಂದಲ ಆಗದೆ ಇನ್ನೇನು?

ಮಾಲೀಕರ ವಾದದಲ್ಲಿ ಅರ್ಧ ಸರಿ ಇದೆ. ಎಡ್ಮಂಡ್‌ಸನ್ ಕೂಡ ಗುಣಮಟ್ಟ ಇಳಿಸಿ ಅಂತ ಎಲ್ಲೂ ಹೇಳಿಲ್ಲ. ಭಯವೂ ಇಲ್ಲ, ಕೆಲಸದ ಮಟ್ಟವೂ ಇಲ್ಲ ಅಂದರೆ ಅದು ಹರಟೆ ಕಟ್ಟೆ. ಮಟ್ಟ ಜಾಸ್ತಿ, ಭಯವೂ ಜಾಸ್ತಿ ಅಂದರೆ ಮೇಲೆ ಹೇಳಿದ ಒದ್ದೆ ಮರಳು. ಮಟ್ಟ ಎತ್ತರ ಇಟ್ಟು ಭಯ ಇಳಿಸುವುದು ಕಷ್ಟದ ದಾರಿ, ಆದರೆ ದಾರಿ ಅದೇ. ಮಾಲೀಕರು ತಪ್ಪುವುದು ಎಲ್ಲಿ ಅಂದರೆ, ಭಯದಿಂದ ಕೈ ಬೇಗ ಓಡುತ್ತದೆ ಅನ್ನುವುದನ್ನು ನೋಡುತ್ತಾರೆ, ಬಾಯಿ ಮುಚ್ಚುತ್ತದೆ ಅನ್ನುವುದನ್ನು ನೋಡುವುದಿಲ್ಲ. ಕಲ್ಲು ಹೊರುವ ಕೆಲಸಕ್ಕೆ ಅದು ನಡೆದೀತು. ಕಣ್ಣು, ಕೈ, ಅಂದಾಜು ಬೇಕಾದ ಕೆಲಸಕ್ಕೆ ನಡೆಯುವುದಿಲ್ಲ.

ಯೂನಿಯನ್ನಿನವರ ಮಾತು ಇನ್ನೂ ನೇರ. ಖಾಯಂ ಕೆಲಸ ಇಲ್ಲದವನಿಗೆ ಇದೆಲ್ಲ ಯಾವ ಲೆಕ್ಕ? ಕಾಂಟ್ರಾಕ್ಟ್ ಮೇಲೆ ಇರುವವನು ಬಾಯಿ ಬಿಟ್ಟರೆ ಯಾರೂ ಬೈಯುವುದೂ ಇಲ್ಲ, ಕಾಂಟ್ರಾಕ್ಟರ್ ಮೆಲ್ಲಗೆ 'ನಾಳೆಯಿಂದ ಬರಬೇಡ' ಅನ್ನುತ್ತಾನೆ, ಅಷ್ಟೇ. ಈ ವಾದಕ್ಕೆ ಉತ್ತರ ಕೊಡುವುದು ಕಷ್ಟ, ಕೊಡಬೇಕಾಗಿಯೂ ಇಲ್ಲ, ಯಾಕೆಂದರೆ ಅದು ಸರಿ. ಹಾರ್ವರ್ಡಿನ ಅಳತೆಗೆ ಸಿಕ್ಕ ತಂಡಗಳಲ್ಲಿ ಜನರಿಗೆ ಮಾನ ಹೋಗುವ ಭಯ ದೊಡ್ಡದಿತ್ತು. ಇಲ್ಲಿ ಅದರ ಜೊತೆ ಅನ್ನ ಹೋಗುವ ಭಯವೂ ಇದೆ. ಎರಡನೆಯದನ್ನು ಬಿಟ್ಟು ಮೊದಲನೆಯದಕ್ಕೆ ಮಾತ್ರ ಔಷಧಿ ಹಚ್ಚಿದರೆ ಗಾಯ ವಾಸಿಯಾಗದು.

ಇನ್ನು ಎಚ್‌ಆರ್ ದಾರಿ. ಯೋಗ, ಧ್ಯಾನದ ಆ್ಯಪ್, ವರ್ಷಕ್ಕೊಂದು ವೆಲ್‌ನೆಸ್ ದಿನ, ಬಾಳೆಹಣ್ಣು. ಬ್ರಿಟನ್ನಿನ 233 ಸಂಸ್ಥೆಗಳ 46,336 ಕೆಲಸಗಾರರ ಮಾಹಿತಿ ಇಟ್ಟುಕೊಂಡು ಆಕ್ಸ್‌ಫರ್ಡ್‌ನ ಸಂಶೋಧಕರೊಬ್ಬರು 2024 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಚೆನ್ನಾಗಿದ್ದಾರೆ ಅನ್ನುವುದು ಕಾಣಲಿಲ್ಲ. ಬೇರೆಯವರಿಗೆ ಸಹಾಯ ಮಾಡುವ ಸ್ವಯಂಸೇವೆ ಒಂದೇ ಸ್ವಲ್ಪ ಬೇರೆಯಾಗಿ ಕಂಡಿದ್ದು. ವಿಶ್ವ ಆರೋಗ್ಯ ಸಂಸ್ಥೆ 2022 ರಲ್ಲಿ ಕೊಟ್ಟ ಮಾರ್ಗಸೂಚಿಯೂ ಕೆಲಸದ ರೀತಿಯನ್ನೇ ಸರಿಮಾಡಿ, ಮ್ಯಾನೇಜರುಗಳಿಗೆ ತರಬೇತಿ ಕೊಡಿ ಅನ್ನುತ್ತದೆ. ಮಾಡು ಸೋರುವ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೊಡೆ ಹಂಚಿದರೆ ಮನೆ ರಿಪೇರಿ ಆಯಿತು ಅನ್ನುವುದಿಲ್ಲ, ಅಲ್ವಾ?

ಕೊಳಗದ ಪ್ರಶ್ನೆ

'ನಮ್ಮ ಕಡೆ ಜನರ ಸ್ವಭಾವವೇ ಹಾಗೆ, ದೊಡ್ಡವರ ಎದುರು ಮಾತಾಡುವುದಿಲ್ಲ' ಅನ್ನುವ ವಾದವೂ ಇದೆ. ಇದು ಕೇಳುವುದಕ್ಕೆ ಚೆಂದ, ಇತಿಹಾಸಕ್ಕೆ ಹೊಂದುವುದಿಲ್ಲ. 1951 ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎತ್ತಿದ ಪ್ರಶ್ನೆ ತೀರಾ ಸಣ್ಣದಾಗಿತ್ತು: ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು? ಒಡೆಯರು ಅಳೆದುಕೊಳ್ಳುವ ಕೊಳಗ ದೊಡ್ಡದು ಅನ್ನುವುದು ಅಳೆಯುವ ಪ್ರತಿಯೊಬ್ಬನಿಗೂ ಗೊತ್ತಿತ್ತು. ಅಂಗಳದಲ್ಲಿ ನಿಂತು ಒಬ್ಬನೇ ಅದನ್ನು ಹೇಳಿದರೆ ಗದ್ದೆ ಹೋಗುತ್ತಿತ್ತು. ಎಚ್. ಗಣಪತಿಯಪ್ಪನವರು ಸಂಘಟನೆ ಕಟ್ಟಿದ ಮೇಲೆ ಅದೇ ಮಾತನ್ನು ಊರಿಗೆ ಊರೇ ಹೇಳಿತು, ಜೈಲಿಗೂ ಹೋಯಿತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು.

ಜನ ಅದೇ, ಊರು ಅದೇ. ಬದಲಾಗಿದ್ದು ಮಾತಾಡಿದರೆ ತೆರಬೇಕಾದ ಬೆಲೆ, ಅದನ್ನು ಹಂಚಿಕೊಳ್ಳಲು ಇದ್ದ ಹೆಗಲುಗಳು. ಸ್ವಭಾವದ ಮೇಲೆ ಹಾಕುವ ಮುಂಚೆ ಈ ಬೆಲೆಯನ್ನು ಲೆಕ್ಕ ಹಾಕಬೇಕು.

ಬೆಲೆ ಎಷ್ಟು ದೊಡ್ಡದಾಗಬಹುದು ಅನ್ನುವುದನ್ನು ಶಿವಮೊಗ್ಗ 2024 ರ ಮೇ ತಿಂಗಳಲ್ಲಿ ನೋಡಿದೆ. ವಾಲ್ಮೀಕಿ ಅಭಿವೃದ್ಧಿ ನಿಗಮದ ಲೆಕ್ಕದ ವಿಭಾಗದ ನೌಕರರೊಬ್ಬರು ಊರಿನ ತಮ್ಮ ಮನೆಯಲ್ಲಿ ಜೀವ ಕಳೆದುಕೊಂಡರು. ಬರೆದಿಟ್ಟ ಪತ್ರದಲ್ಲಿ ನಿಗಮದ ಹಣ ಅಕ್ರಮವಾಗಿ ವರ್ಗಾವಣೆ ಆಗಿದ್ದರ ಬಗ್ಗೆ, ಮೇಲಿನವರ ಒತ್ತಡದ ಬಗ್ಗೆ ಆರೋಪ ಇತ್ತು. ಮುಂದೆ ತನಿಖೆಗಳು ನಡೆದವು, ಸಚಿವರೊಬ್ಬರು ರಾಜೀನಾಮೆ ಕೊಟ್ಟರು. ತಪ್ಪು ಯಾರದು ಅನ್ನುವುದು ಕೋರ್ಟಿಗೆ ಬಿಟ್ಟಿದ್ದು, ಒಂದು ಸಾವಿಗೆ ಒಂದೇ ಕಾರಣ ಕೊಡುವುದೂ ತಪ್ಪು. ಆದರೆ ಲೆಕ್ಕದಲ್ಲಿ ಏನೋ ಸರಿಯಿಲ್ಲ ಅಂತ ಕಂಡ ನೌಕರ ತನ್ನ ಮೇಲಿನವರನ್ನು ದಾಟಿ ಯಾರ ಹತ್ತಿರ ಹೋಗಬೇಕು ಅನ್ನುವ ಪ್ರಶ್ನೆ ಉಳಿಯಿತು. ಅಕ್ರಮ ಬಯಲಿಗೆ ತರುವವರ ರಕ್ಷಣೆಗೆ ಅಂತ ಸಂಸತ್ತು 2014 ರಲ್ಲೇ ಕಾನೂನು ಮಾಡಿದೆ. ಅದನ್ನು ಜಾರಿಗೇ ತಂದಿಲ್ಲ. (ಮನಸ್ಸಿಗೆ ತೀರಾ ಕಷ್ಟ ಅನಿಸುತ್ತಿರುವವರಿಗೆ, ಅವರ ಮನೆಯವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.)

ನಡುವೆ ಸಿಕ್ಕಿಕೊಂಡವನು

ಇಷ್ಟು ಹೊತ್ತು ಸೂಪರ್‌ವೈಸರನ್ನು ವಿಲನ್ ಮಾಡಿದ ಹಾಗಾಯಿತು. ಅದು ಅನ್ಯಾಯ. ಕೆಳಗಿನವರ ಭಯಕ್ಕೆ ಕಾರಣ ಅವನೇ ಆದರೂ ಎಲ್ಲರಿಗಿಂತ ಜಾಸ್ತಿ ಭಯದಲ್ಲಿ ಇರುವವನೂ ಅವನೇ. ಬೆಳಿಗ್ಗೆ ಮೇಲಿನಿಂದ ಟಾರ್ಗೆಟ್ ಬರುತ್ತದೆ, ಸಂಜೆ ಲೆಕ್ಕ ಕೊಡಬೇಕು, ಮಧ್ಯೆ ಮರಳು ಒದ್ದೆ ಅಂತ ಬಂದವನಿಗೆ ಸಮಾಧಾನವಾಗಿ ಉತ್ತರಿಸುವಷ್ಟು ಜಾಗ ಅವನಿಗೇ ಇಲ್ಲ. ಗಾರ್ಮೆಂಟ್ಸ್ ಲೈನಿನಲ್ಲಿ ಗಂಟೆಗೆ ಇಷ್ಟು ಪೀಸ್ ಅಂತ ಕೂಗುವವನ ಕಥೆಯೂ ಇದೇ. ಮೇಲಿನಿಂದ ಬಂದ ಬೈಗುಳ ಅವನ ಹತ್ತಿರ ನಿಲ್ಲುವುದಿಲ್ಲ, ಕೆಳಕ್ಕೆ ಹರಿಯುತ್ತದೆ. ಕೆಳಗೆ ಹೆಣ್ಣುಮಕ್ಕಳೇ ಜಾಸ್ತಿ ಇದ್ದಾಗ ಅದಕ್ಕೆ ಇನ್ನೊಂದು ಬಣ್ಣ ಬರುತ್ತದೆ, ಸಂಜೆಯ ಬಸ್ ತಪ್ಪಿದರೆ ಊರು ಸೇರುವುದು ಹೇಗೆ ಅನ್ನುವ ಚಿಂತೆಯೂ ಸೇರಿಕೊಳ್ಳುತ್ತದೆ.

ಸಂಹಿತೆಯಲ್ಲಿ ಒಂದು ವಿಚಿತ್ರ ಇದೆ. ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ, ಮೇಲ್ವಿಚಾರಣೆ ಮಾಡುತ್ತಾ ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ಪಡೆಯುವವನು 'ಕಾರ್ಮಿಕ'ನೇ ಅಲ್ಲ. ಈ ಮೊತ್ತವನ್ನು ಸರ್ಕಾರ ಬದಲಿಸಬಹುದು, ತತ್ವ ಮಾತ್ರ ಅದೇ. ಅಂದರೆ ಕುಂದುಕೊರತೆ ಸಮಿತಿಯ ಬಾಗಿಲು ಅವನಿಗೆ ತೆರೆಯುವುದಿಲ್ಲ. ಮ್ಯಾನೇಜರುಗಳ ಕೋಣೆಯಲ್ಲೂ ಅವನಿಗೆ ಕುರ್ಚಿ ಇಲ್ಲ. ತಂಡದ ವಾತಾವರಣ ಎಲ್ಲರಿಗಿಂತ ಜಾಸ್ತಿ ಯಾರ ಕೈಯಲ್ಲಿದೆಯೋ ಅವನನ್ನೇ ಕಾನೂನು ಎರಡು ಕಡೆಯಿಂದಲೂ ಹೊರಗೆ ಬಿಟ್ಟಿದೆ. ತರಬೇತಿಗೆ ಅಂತ ಒಂದು ರೂಪಾಯಿ ಇದ್ದರೆ ಅದನ್ನು ಮೊದಲು ಅವನ ಮೇಲೆ ಹಾಕುವುದು ಲಾಭ. ಕೆಟ್ಟ ಸುದ್ದಿ ಕೇಳಿದ ಮೊದಲ ಅರ್ಧ ನಿಮಿಷದಲ್ಲಿ ಏನು ಹೇಳಬೇಕು ಅನ್ನುವಷ್ಟು ಕಲಿಸಿದರೂ ಸಾಕು. 'ಹೇಳಿದ್ದು ಒಳ್ಳೇದಾಯ್ತು, ತೋರಿಸು ಬಾ' ಅನ್ನುವುದಕ್ಕೂ 'ನಿಂದೇನಪ್ಪ ದಿನಾ ಗೋಳು' ಅನ್ನುವುದಕ್ಕೂ ಖರ್ಚಿನಲ್ಲಿ ವ್ಯತ್ಯಾಸ ಏನೂ ಇಲ್ಲ. ಆದರೆ ಅವನಿಗೆ ಹಾಗೆ ಹೇಳಲು ಆಗಬೇಕಾದರೆ, ಇವತ್ತು ನೂರು ಅಚ್ಚು ಕಡಿಮೆ ಆಯಿತು ಯಾಕೆಂದರೆ ಮರಳು ಸರಿಯಿರಲಿಲ್ಲ ಅಂತ ಅವನು ಮೇಲೆ ಹೇಳಿದಾಗ ಅಲ್ಲೂ ಅದೇ ಉತ್ತರ ಸಿಗಬೇಕು.

ಇನ್ನು ಆಗುವುದೇನು

ಮೊದಲ ವರ್ಷ ಕಾಗದದ ಕೆಲಸ ಜಾಸ್ತಿ ಆಗುತ್ತದೆ ಅನ್ನುವುದರಲ್ಲಿ ಅನುಮಾನ ಬೇಡ. ಸಮಿತಿ ಆಗುತ್ತದೆ, ಬೋರ್ಡ್ ಏಳುತ್ತದೆ, ರಿಜಿಸ್ಟರ್ ಬರುತ್ತದೆ. 2013 ರ ಲೈಂಗಿಕ ಕಿರುಕುಳ ತಡೆ ಕಾನೂನಿನ ಪ್ರಕಾರ 10 ಜನ ಇರುವ ಕಡೆಯೆಲ್ಲ ಆಂತರಿಕ ಸಮಿತಿ ಇರಬೇಕು. ಅದು ಎಷ್ಟು ಕಡೆ ಗೋಡೆಯ ಮೇಲಿನ ಹೆಸರುಗಳ ಪಟ್ಟಿಯಾಗಿ ಉಳಿದಿದೆ ಅನ್ನುವುದು ಕೆಲಸಕ್ಕೆ ಹೋಗುವ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಸರ್ವೇ ಬರುತ್ತದೆ, ಮುಖ್ಯವಾಗಿ ಹೊರದೇಶಕ್ಕೆ ಮಾಲು ಕಳಿಸುವ ಕಡೆ. ಇಲ್ಲಿ ಆ ನರ್ಸ್‌ಗಳ ಉಲ್ಟಾ ಲೆಕ್ಕ ನೆನಪಿಗೆ ಬರಬೇಕು. ಭಯ ತೀರಾ ಜಾಸ್ತಿ ಇರುವ ಕಡೆ ಸರ್ವೇ ಬಹಳ ಚೆನ್ನಾಗಿ ಬರುತ್ತದೆ. ಎಲ್ಲರೂ 'ತುಂಬಾ ಚೆನ್ನಾಗಿದೆ'ಗೆ ಟಿಕ್ ಹಾಕುತ್ತಾರೆ, ಯಾಕೆಂದರೆ ಕಾಗದ ಯಾರ ಕೈಗೆ ಹೋಗುತ್ತದೆ ಅಂತ ಅವರಿಗೆ ಗೊತ್ತು. ದೂರಿನ ಪೆಟ್ಟಿಗೆ ಖಾಲಿ ಇದೆ ಅಂತ ಖುಷಿಪಡುವ ಮ್ಯಾನೇಜರ್, ಬಿಪಿ ನೋಡುವ ಯಂತ್ರ ಕೆಟ್ಟಿರುವುದನ್ನು ಆರೋಗ್ಯ ಅಂದುಕೊಂಡ ಹಾಗೆ.

ನಿಜವಾದ ಅಪಾಯದ ಹೊತ್ತು ಬರುವುದು ಕೆಲಸ ಸರಿಯಾಗಿ ಶುರುವಾದ ಕಡೆ. ಜನರಿಗೆ ನಂಬಿಕೆ ಬರತೊಡಗಿದ ಮೊದಲ ಆರು ತಿಂಗಳು ದೂರು ಜಾಸ್ತಿ ಆಗುತ್ತದೆ, ತಪ್ಪುಗಳ ಪಟ್ಟಿ ಉದ್ದವಾಗುತ್ತದೆ, ಇಷ್ಟು ದಿನ ಒಳಗಿದ್ದದ್ದೆಲ್ಲ ಮೇಲೆ ಬರುತ್ತದೆ. ಅಂಕಿ ನೋಡಿದ ಮಾಲೀಕನಿಗೆ ಸಮಿತಿ ಮಾಡಿದ್ದೇ ತಪ್ಪಾಯಿತು ಅನಿಸುವುದು ಸಹಜ. ಎಷ್ಟೋ ಪ್ರಯತ್ನ ನಿಲ್ಲುವುದು ಇಲ್ಲೇ. ಮಳೆ ಬಂದಾಗ ಮಾಡಿನ ತೂತು ಕಾಣುತ್ತದೆ, ಅದಕ್ಕೆ ಮಳೆಯನ್ನು ಬೈದರೆ ಏನು ಬಂತು?

ಹಾಗಾದರೆ ಯಾವ ಘಟಕದಲ್ಲಿ ಇದು ನಡೆಯುತ್ತಿದೆ, ಯಾವುದರಲ್ಲಿ ಬರೀ ತೋರಿಕೆ ಅಂತ ತಿಳಿಯುವುದು ಹೇಗೆ? ಸಮಿತಿಯ ಫೋಟೋ ಬಿಡಿ, ಸರ್ವೇಯ ಅಂಕವೂ ಬೇಡ. ಸಮಿತಿಗೆ ಮೊದಲ ದೂರು ಕೊಟ್ಟವರು ಯಾರು, ಆರು ತಿಂಗಳು ಬಿಟ್ಟು ಅವರು ಎಲ್ಲಿದ್ದಾರೆ ಅನ್ನುವುದನ್ನು ಕೇಳಿ. ಅದೇ ಮೆಷಿನ್ ಮೇಲೆ ಇದ್ದಾರಾ, ರಾತ್ರಿ ಪಾಳಿಗೆ ಹಾಕಿದ್ದಾರಾ, ಕಾಂಟ್ರಾಕ್ಟ್ ಮುಂದುವರೆದಿದೆಯಾ? ಇನ್‌ಸ್ಪೆಕ್ಟರ್ ಇದನ್ನು ನೋಡುತ್ತಾರೋ ಇಲ್ಲವೋ, ಪಕ್ಕದ ಮೆಷಿನ್‌ನಲ್ಲಿ ಇರುವವರು ಮಾತ್ರ ದಿನಾ ನೋಡುತ್ತಿರುತ್ತಾರೆ.